ಗಾಜು ದಾಟದ ಬಿಸಿಲು

ಕೊಣ್ಣೂರಿನಲ್ಲಿ ಬಸ್ಸಿಗೆ ಕಾಯುತ್ತ ಬಿಸಿಲಿಗೆ ಬೈಯುವವರೇ, ಬಿಸಿಲಿಲ್ಲದೆ ಎಲುಬು ಮೆತ್ತಗಾಗಿ ನರಳುವ ಜೀವವೂ ಅದ! ಆಸ್ಟ್ರೇಲಿಯಾ ಮೂಲದ ಗಡ್ಡದ ಓತಿಕ್ಯಾತವನ್ನು ಈಗ ನಮ್ಮ ದೇಶದ ಶಹರಗಳಲ್ಲೂ ಸಾಕುತ್ತಾರೆ. ಗಾಜಿನ ಪೆಟ್ಟಿಗೆ ಕಿಟಕಿ ಹತ್ತಿರ ಇಟ್ಟರಾಯ್ತು ಅಂತಾರೆ. ಸಾಲದು ಸ್ವಾಮಿ! ಅದಕ್ಕೆ ಬೇಕಾದ ನೇರಳಾತೀತ ಕಿರಣವನ್ನು ಗಾಜು ತಡೀತದ. ಕಿರಣವಿಲ್ಲದೆ ಡಿ ಜೀವಸತ್ವ ಸಾಲದು. ಅದು ಸಾಲದಿದ್ದರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತೋದಿಲ್ಲ. ಕಾಲು ನಡುಗಿ, ದವಡೆ ಮೆತ್ತಗಾಗಿ, ಬೆನ್ನು ಡೊಂಕಾಗ್ತದ. ಡೊಂಕಾದ ಎಲುಬು ಮತ್ತೆ ನೆಟ್ಟಗಾಗೋದು ಕಷ್ಟ, ಆರೈಕೆ ಸಾಯೋತನಕ. ಪಶುವೈದ್ಯರನ್ನು ಕೇಳಿ ಹುಳದ ಮೇಲೆ ಕ್ಯಾಲ್ಸಿಯಂ ಪುಡಿ ಉದುರಿಸಬೇಕು. ನೆರಳಿನ ಮೂಲೆಯುಳ್ಳ ತಂತಿ ಪಂಜರದಲ್ಲಿ ಬೆಳಗಿನ ಬಿಸಿಲಿಗಿಡಬೇಕು. ಬೇಸರವಾಯ್ತೆಂದು ಮಲಪ್ರಭೆ ದಂಡೆಗೆ ಬಿಟ್ಟು ಬರುವಂತಿಲ್ಲ. ಬಿಸಿಲು ಪುಕ್ಕಟೆ. ಅದನ್ನೂ ಕೊಡಲಾಗದವರು ಜೀವ ಮನೆಗೆ ತರೋದ್ಯಾಕೆ?