ಪೊಲೀಸರು ಕೇಳಿಕೊಂಡು ಬಂದ ದಿನ

‘ಅಕ್ಕಾ, ನಿಮ್ಮ ಹುಡುಗ ಏನು ಮಾಡ್ಯಾನ್ರಿ? ಪೊಲೀಸ್ರು ಕೇಳ್ಕೊಂಡು ಬಂದಿದ್ರು.’ ದಾವಣಗೆರೆಯ ಹಳೆಯ ಬಾಡಿಗೆ ಮನೆಯ ಓನರ್ ಫೋನ್ ಮಾಡಿದಾಗ ಅಮ್ಮನಿಗೆ ಕೈಕಾಲೇ ಆಡಲಿಲ್ಲವಂತೆ.

ನಾನು ಮಾಡಿದ್ದು ಇಷ್ಟೆ. ಕೆನಡಾದಲ್ಲಿ ಓದು ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಪಿ.ಆರ್‌.ಗಾಗಿ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಹೆಸರು ಹಾಕಿದ್ದೆ. ಆಹ್ವಾನ ಬಂದರೆ 60 ದಿನದೊಳಗೆ ಅರ್ಜಿ ಸಲ್ಲಿಸಬೇಕು. ಅದರ ಜೊತೆ ಭಾರತದ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಇರಲೇಬೇಕು. ‘ಆಹ್ವಾನ ಬರಲಿ, ಆಮೇಲೆ ಮಾಡಿಸಿದರಾಯಿತು’ ಎಂದು ಕುಳಿತಿದ್ದೇ ನನ್ನ ಮೊದಲ ತಪ್ಪು.

ಆನ್‌ಲೈನ್‌ನಲ್ಲಿ ಫಾರ್ಮ್ ತುಂಬಿ, ಪಾಸ್‌ಪೋರ್ಟ್ ಜೊತೆ ಅರ್ಜಿ ಕೊಟ್ಟೆ. ಭಾರತೀಯ ಕಾನ್ಸುಲೇಟ್ ಮೂಲಕ ವಿಚಾರಣೆ ಊರಿನ ಠಾಣೆಗೆ ಹೋಯಿತು. ಠಾಣೆಯವರು ಪಾಸ್‌ಪೋರ್ಟ್‌ನಲ್ಲಿದ್ದ ವಿಳಾಸಕ್ಕೇ ಹೋದರು. ನಾವು ಆ ಮನೆ ಬಿಟ್ಟು ಮೂರು ವರ್ಷವಾಗಿತ್ತು. ವಿಳಾಸ ಬದಲಿಸದೇ ವಿಮಾನ ಹತ್ತಿದ್ದು ಎರಡನೇ ತಪ್ಪು.

ಮರುದಿನ ಅಪ್ಪ ಹೊಸ ಮನೆಯ ಕರೆಂಟ್ ಬಿಲ್, ನನ್ನ ಕಾಲೇಜಿನ ದಾಖಲೆ ಹಿಡಿದು ಠಾಣೆಗೆ ಹೋದರು. ಒಂದಲ್ಲ, ಮೂರು ಸಲ ಅಲೆದರು. ಸರ್ಟಿಫಿಕೇಟ್ ನನ್ನ ಕೈ ಸೇರಿದಾಗ ಉಳಿದಿದ್ದು ನಾಲ್ಕೇ ದಿನ.

ವಿದೇಶಕ್ಕೆ ಹೊರಟವರೇ, ಪಾಸ್‌ಪೋರ್ಟ್‌ನ ಕೊನೆಯ ಪುಟ ಒಮ್ಮೆ ನೋಡಿ. ಮನೆ ಬದಲಾಗಿದ್ದರೆ ಮರುವಿತರಣೆಗೆ ಅರ್ಜಿ ಹಾಕಿ ವಿಳಾಸ ಸರಿಪಡಿಸಿಕೊಳ್ಳಿ. ಸರ್ಟಿಫಿಕೇಟ್‌ಗೆ ಕೊನೇ ಗಳಿಗೆವರೆಗೂ ಕಾಯಬೇಡಿ. ‘ಪೊಲೀಸರು ಬರಬಹುದು, ಗಾಬರಿ ಬೇಡ’ ಎಂದು ಮನೆಯವರಿಗೆ ಮೊದಲೇ ಹೇಳಿಡಿ.

ಆ ರಾತ್ರಿ ಅಮ್ಮ ಊಟ ಮಾಡಿರಲಿಲ್ಲ. ಅದನ್ನು ಅಪ್ಪ ನನಗೆ ಹೇಳಿದ್ದು ಎಲ್ಲ ಮುಗಿದ ಮೇಲೆ.