ಛದ್ಮವೇಷದ ಟಾರ್ ಬ್ರೌಸರು

ಅಂತರ್ಜಾಲದ ಪುಟಗಳನ್ನು ತೆರೆದು ತೋರಿಸುವ ತಂತ್ರಾಂಶಕ್ಕೆ ಬ್ರೌಸರೆಂದು ಹೆಸರು. ಇವುಗಳಲ್ಲಿ ಟಾರ್ ಎಂಬುದು ಗೋಪ್ಯತೆಗಾಗಿಯೇ ಹುಟ್ಟಿದುದು. ಓದುವವನ ಕೋರಿಕೆಯನ್ನು ಇದು ಗೂಢಲಿಪಿಯ ಆವರಣಗಳಲ್ಲಿ ಮುಚ್ಚಿ ಮೂರು ಯಂತ್ರಗಳ ಮೂಲಕ ದಾಟಿಸುತ್ತದೆ. ಕೋರಿದವನಾರು, ಕೋರಿದುದೇನು ಎಂಬೆರಡನ್ನೂ ಒಟ್ಟಿಗೆ ಬಲ್ಲ ಯಂತ್ರವು ನಡುವೆ ಒಂದೂ ಇಲ್ಲ. ಆದರೆ ಈ ರಕ್ಷಣೆಯೆಲ್ಲವೂ ದಾರಿಯದು. ಹೊರಡುವ ಮನೆಯಲ್ಲೇ ಕಳ್ಳನಿದ್ದರೆ ಅದು ವ್ಯರ್ಥ.

ಇದರ ನಿದರ್ಶನವನ್ನು ೨೦೧೯ರ ಅಕ್ಟೋಬರಿನಲ್ಲಿ ಸ್ಲೊವಾಕಿಯದ ಈಸೆಟ್ ಸಂಸ್ಥೆಯವರು ಹೊರಗೆಡಹಿದರು. ರಷ್ಯನ್ ಭಾಷೆಯವರಿಗಾಗಿ ೨೦೧೪ರಲ್ಲೇ ಎರಡು ಕಪಟತಾಣಗಳು ನೋಂದಣಿಯಾಗಿದ್ದುವು. ಅವುಗಳಲ್ಲೊಂದರ ಹೆಸರು ‘ಟಾರ್ ಪ್ರಾಜೆಕ್ಟ್’ ಎಂಬ ಮೂಲಸಂಸ್ಥೆಯದೇ. ಜಕಾರವನ್ನು ಸೂಚಿಸುವ ಒಂದಕ್ಷರ ಮಾತ್ರ ಲೋಪ. ರಷ್ಯನ್ನಿನಲ್ಲಿ ಆ ಶಬ್ದದ ರೂಪವೇ ‘ಪ್ರೊಯೆಕ್ತ್’ ಎಂದಿರುವುದರಿಂದ ಈ ವರ್ಣಲೋಪವು ಅವರ ಕಣ್ಣಿಗೆ ದೋಷವಾಗಿ ಕಾಣದೆ ಸ್ವಭಾಷೆಯ ರೂಪವಾಗಿಯೇ ಕಂಡೀತು. ವೈಯಾಕರಣನೂ ಮೆಚ್ಚುವಂಥ ಕಳ್ಳತನವಿದು! ಬಂದವನಲ್ಲಿ ಹೊಚ್ಚಹೊಸ ಆವೃತ್ತಿಯಿದ್ದರೂ ‘ನಿನ್ನ ಬ್ರೌಸರು ಹಳತಾಗಿದೆ’ ಎಂದು ಹೆದರಿಸಿ, ಬೇರೊಂದನ್ನು ಕೊಡುತ್ತಿದ್ದರು.

ಕೊಡುತ್ತಿದ್ದುದು ಕ್ರಮವಾಗಿಯೇ ನಡೆಯುವ ಟಾರ್. ೨೦೧೮ರ ಜನವರಿಯ ೭.೫ನೆಯ ಆವೃತ್ತಿ. ಅದರ ಮುಖ್ಯಾಂಗಗಳನ್ನು ಮುಟ್ಟದೆ ಕೆಲವು ಏರ್ಪಾಡುಗಳನ್ನೂ ಒಂದು ಉಪಾಂಗವನ್ನೂ ಮಾತ್ರ ತಿದ್ದಿದ್ದರು. ನಿಜವಾದ ಹೊಸ ಆವೃತ್ತಿಯು ಬಾರದಂತೆ ತಡೆದರು. ಉಪಾಂಗಗಳ ಸಹಿಯನ್ನು ಪರೀಕ್ಷಿಸುವ ಕ್ರಮವನ್ನು ನಿಲ್ಲಿಸಿದರು. ಮುಂದೆ ನಿಷಿದ್ಧ ಪೇಟೆಗಳಲ್ಲಿ ಬಿಟ್‌ಕಾಯಿನ್ ಸಲ್ಲಿಸುವಾಗ ವಿಳಾಸವು ತಾನಾಗಿ ಕಳ್ಳರದಕ್ಕೆ ಬದಲಾಗುತ್ತಿತ್ತು. ಆ ವಿಳಾಸವೋ ಅರ್ಥವಿಲ್ಲದ ಅಕ್ಷರಮಾಲೆ; ಬದಲಾದುದನ್ನು ಗುರುತಿಸುವವರು ವಿರಳ. ಗುರುತಿಸಿದರೂ ಅಂಥ ಪೇಟೆಯಲ್ಲಿ ಕೊಳ್ಳುವವನು ಯಾರಿಗೆ ದೂರು ಕೊಟ್ಟಾನು? ಬೆಳಕಿಗೆ ಬಂದ ಮೂರು ಖಾತೆಗಳಿಗೆ ೪.೮ ಬಿಟ್‌ಕಾಯಿನ್, ಎಂದರೆ ಆಗಿನ ಬೆಲೆಯಲ್ಲಿ ಸುಮಾರು ೪೦,೦೦೦ ಡಾಲರು ಸಂದಿತ್ತು.

೨೦೨೨ರಲ್ಲಿ ಕ್ಯಾಸ್ಪರ್‌ಸ್ಕಿ ಸಂಸ್ಥೆಯವರು ಚೀನದಲ್ಲಿ ಕಂಡ ಪ್ರಸಂಗವು ಇದಕ್ಕಿಂತ ಕಳವಳಕಾರಿಯಾದುದು. ಅಲ್ಲಿ ಟಾರಿನ ಸ್ವಂತ ತಾಣಕ್ಕೆ ತಡೆಯಿರುವುದರಿಂದ ಬೇಕಾದವರು ಅನ್ಯರನ್ನೇ ಆಶ್ರಯಿಸಬೇಕು. ೧,೮೦,೦೦೦ಕ್ಕೂ ಮಿಕ್ಕ ಚಂದಾದಾರರುಳ್ಳ ಒಂದು ಯೂಟ್ಯೂಬ್ ವಾಹಿನಿಯಲ್ಲಿ ಕೊಂಡಿಯು ದೊರೆಯುತ್ತಿತ್ತು. ನಿಜವಾದ ಟಾರ್ ಮರೆಯುವುದನ್ನೆಲ್ಲ ಇದು ನೆನಪಿಡುತ್ತಿತ್ತು: ನೋಡಿದ ಪುಟಗಳು, ತುಂಬಿದ ಅರ್ಜಿಗಳು. ಅನಂತರ ವೀಚ್ಯಾಟ್, ಕ್ಯೂಕ್ಯೂ ಖಾತೆಗಳ ಗುರುತನ್ನೂ ವೈಫೈ ಹೆಸರನ್ನೂ ರವಾನಿಸುತ್ತಿತ್ತು. ಹಣವನ್ನಾಗಲಿ ಗುಪ್ತಪದವನ್ನಾಗಲಿ ಅದು ಬಯಸಲಿಲ್ಲ. ಮನುಷ್ಯನಾರೆಂಬುದೇ ಅದಕ್ಕೆ ಬೇಕಾಗಿತ್ತು.

ಮೂಲಸಂಸ್ಥೆಯ ಕಡತಕ್ಕೆ ಅಂಕೀಯ ಸಹಿಯಿರುತ್ತದೆ; ಈ ಕಡತಕ್ಕೆ ಇರಲಿಲ್ಲ. ತಾಣವು ತಡೆಯಲ್ಪಟ್ಟ ದೇಶಗಳವರಿಗೆ ‘ಗೆಟ್‌ಟಾರ್’ ಎಂಬ ಏರ್ಪಾಡಿನ ಮೂಲಕ ಆ ಸಂಸ್ಥೆಯೇ ವಿದ್ಯುದಂಚೆಯಲ್ಲಿ ನಿಜವಾದ ಕಡತದ ಕೊಂಡಿಗಳನ್ನು ಕಳುಹಿಸಿಕೊಡುತ್ತದೆ.