ಶ್ರವಣದಿಂದ ರೋಗನಿರ್ಣಯಶಿಕ್ಷಣ

ಗ್ರಂಥವು ರೋಗದ ಹೆಸರನ್ನು ಮೊದಲು ಹೇಳಿ ಅದರ ಲಕ್ಷಣಗಳನ್ನು ಅನಂತರ ವಿವರಿಸುತ್ತದೆ. ರೋಗಿಯಾದರೋ ಲಕ್ಷಣಗಳನ್ನು ಮಾತ್ರ ಹೊತ್ತು ಬರುತ್ತಾನೆ. ಹೆಸರನ್ನು ವೈದ್ಯನೇ ಕಂಡುಕೊಳ್ಳಬೇಕು. ಗ್ರಂಥದ ದಾರಿಗೆ ವಿಲೋಮವಾದ ಈ ದಾರಿಯನ್ನು ಕಲಿಸುವ ಬಗೆ ಯಾವುದೆಂಬುದೇ ಪ್ರಕೃತ ವಿಚಾರ.

ಚರಕಸಂಹಿತೆಯ ವಿಮಾನಸ್ಥಾನದ 8ನೆಯ ಅಧ್ಯಾಯದಲ್ಲಿ ಸಮಾನವಿದ್ಯರ ಪರಸ್ಪರ ಚರ್ಚೆಗೆ ತದ್ವಿದ್ಯಸಂಭಾಷೆಯೆಂದು ಹೆಸರಿದೆ. ಅದು ಸ್ನೇಹದಿಂದ ನಡೆಯುವ ಸಂಧಾಯಸಂಭಾಷೆ, ಜಯಾಪೇಕ್ಷೆಯಿಂದ ನಡೆಯುವ ವಿಗೃಹ್ಯಸಂಭಾಷೆ ಎಂದು ಎರಡು ವಿಧ. ಅಮೆರಿಕೆಯಲ್ಲಿಯೂ ಇದಕ್ಕೆ ಸದೃಶವಾದ ಪದ್ಧತಿಯೊಂದು ಬೆಳೆಯಿತು. ಹಾರ್ವರ್ಡ್ ವಿದ್ಯಾರ್ಥಿಯಾಗಿದ್ದ ವಾಲ್ಟರ್ ಕ್ಯಾನನ್ 1900ರಲ್ಲಿ, ನ್ಯಾಯಶಾಸ್ತ್ರದ ಶಾಲೆಗಳಲ್ಲಿರುವಂತೆ ವೈದ್ಯವನ್ನೂ ನಿಜವಾದ ಪ್ರಸಂಗಗಳ ಚರ್ಚೆಯಿಂದ ಕಲಿಸಬೇಕೆಂದು ಸೂಚಿಸಿದನು. ಬಾಸ್ಟನ್ ನಗರದ ರಿಚರ್ಡ್ ಕ್ಯಾಬಟ್ ಈ ಕ್ರಮವನ್ನು ಬೆಳೆಸಿದನು: ಫಲವನ್ನು ತಿಳಿಯದ ವೈದ್ಯನು ಸಭೆಯೆದುರು ತನ್ನ ತರ್ಕವನ್ನು ಬಿಡಿಸಿ ಹೇಳುವನು, ಕೊನೆಗೆ ಶವಪರೀಕ್ಷೆಯ ನಿರ್ಣಯವು ಪ್ರಕಟವಾಗುವುದು. 2018ರಲ್ಲಿ ಅಮೆರಿಕೆಯಲ್ಲಿ ಆರಂಭವಾದ ‘ದಿ ಕ್ಲಿನಿಕಲ್ ಪ್ರಾಬ್ಲಮ್ ಸಾಲ್ವರ್ಸ್’ ಎಂಬ ಪಾಡ್‌ಕಾಸ್ಟ್‌ ಇಂತಹ ಚರ್ಚೆಯನ್ನು ಧ್ವನಿರೂಪದಲ್ಲಿ ದೂರದ ವಿದ್ಯಾರ್ಥಿಗೂ ಮುಟ್ಟಿಸಿತು.

ಇಂತಹ ಚರ್ಚೆಯ ಗತಿಯನ್ನು ಒಂದು ನಿದರ್ಶನದಿಂದ ತಿಳಿಯಬಹುದು. ರೋಗಿಗೆ ಜಲೋದರವಿದೆಯೆಂದು ಮೊದಲು ಕೇಳಿಬಂದರೆ ಮನಸ್ಸು ಯಕೃತ್ತಿನ ಕಡೆಗೆ ಓಡುತ್ತದೆ. ಅನುಭವಿಯು ಅಲ್ಲಿ ನಿಲ್ಲದೆ, ಕಂಠದ ಸಿರೆಗಳು ಉಬ್ಬಿವೆಯೇ ಎಂದು ಕೇಳುವನು. ಉಬ್ಬಿವೆಯೆಂದು ಉತ್ತರ ಬಂದರೆ, ಹೃದಯಕ್ಕೆ ಮರಳುವ ರಕ್ತಕ್ಕೆ ತಡೆಯುಂಟೆಂಬ ಶಂಕೆ ಬಲವಾಗುತ್ತದೆ. ಹಿಂದೆ ಕ್ಷಯರೋಗವಿತ್ತೆಂದು ತಿಳಿದುಬಂದರೆ, ಹೃದಯವನ್ನು ಸುತ್ತಿದ ಪೊರೆಯು ಗಡುಸಾಗಿ ಅದನ್ನು ಬಿಗಿದಿರಬಹುದೆಂಬ ಊಹೆಗೆ ಆಧಾರ ದೊರೆಯುತ್ತದೆ. ಆ ಪೊರೆಯನ್ನು ಶಸ್ತ್ರಕ್ರಿಯೆಯಿಂದ ತೆಗೆದು ಅನೇಕರನ್ನು ಗುಣಪಡಿಸಬಹುದು. ಯಕೃತ್ತಿನ ದೋಷವೆಂದೇ ತೀರ್ಮಾನಿಸಿ ಕುಳಿತರೆ ರೋಗಿಯು ಆ ಅವಕಾಶವನ್ನೇ ಕಳೆದುಕೊಳ್ಳುವನು.

ಓದುವವನು ಕೊನೆಯ ಪುಟವನ್ನು ಮೊದಲೇ ತಿರುವಬಲ್ಲನು. ಕೇಳುವವನಿಗಾದರೋ ವೃತ್ತಾಂತವು ರೋಗಿಯ ಮುಂದೆ ಕುಳಿತಂತೆಯೇ ತುಣುಕುತುಣುಕಾಗಿ ದೊರೆಯುತ್ತದೆ. ಇದಕ್ಕಿಂತ ದೊಡ್ಡ ಲಾಭವೆಂದರೆ, ನಿಪುಣನು ತನ್ನ ಸಂಶಯವನ್ನೂ, ಬಿಟ್ಟುಕೊಟ್ಟ ಪಕ್ಷವನ್ನೂ ಬಾಯಿಬಿಟ್ಟು ಹೇಳುವುದು. ಮುದ್ರಿತವಾದ ನಿರ್ಣಯದಲ್ಲಿ ಈ ಹೆಜ್ಜೆಗುರುತುಗಳು ಅಳಿಸಿಹೋಗಿರುತ್ತವೆ.

ಆದರೆ ಶ್ರವಣಮಾತ್ರದಿಂದ ಸಿದ್ಧಿಯಿಲ್ಲ. ರೋಗಿಯ ಪರೀಕ್ಷೆಗೆ ವಾಗ್ಭಟನು ದರ್ಶನ, ಸ್ಪರ್ಶನ, ಪ್ರಶ್ನೆಗಳೆಂಬ ಮೂರನ್ನು ಹೇಳಿರುವನು; ಧ್ವನಿಯು ಇವುಗಳಲ್ಲಿ ಪ್ರಶ್ನೆಯನ್ನು ಕಲಿಸೀತೇ ಹೊರತು ಉಬ್ಬಿದ ಸಿರೆಯನ್ನು ತೋರಿಸಲಾರದು. ಮೇಲಾಗಿ ಸೊಗಸಾದ ತರ್ಕವನ್ನು ಕೇಳಿದವನು ಅದು ತನ್ನದೇ ಎಂದು ಭ್ರಮಿಸುವುದುಂಟು. ಈ ಭ್ರಮೆಗೆ ಪ್ರತೀಕಾರವು ನಮ್ಮ ಪಾಠಶಾಲೆಗಳ ಕ್ರಮದಲ್ಲಿಯೇ ಇದೆ. ಶ್ರವಣವಾದ ಮೇಲೆ ಮನನವಾಗಬೇಕು. ಉತ್ತರವು ಬರುವ ಮುನ್ನ ಧ್ವನಿಯನ್ನು ನಿಲ್ಲಿಸಿ, ತನ್ನ ಪಕ್ಷವನ್ನೂ ಅದಕ್ಕೆ ಹೇತುವನ್ನೂ ಬರೆದಿಟ್ಟು, ಅನಂತರ ಮುಂದಿನದನ್ನು ಕೇಳತಕ್ಕದ್ದು. ತಪ್ಪು ಅಲ್ಲಿ ಕಾಗದದ ಮೇಲೆ ಕಂಡುಬಂದರೆ ಹಾನಿಯಿಲ್ಲ. ರೋಗಿಯ ದೇಹದಲ್ಲಿ ಕಂಡುಬಂದರೆ ತಿದ್ದಲು ಕಾಲವಿರುವುದೆಂಬ ಭರವಸೆಯಿಲ್ಲ.